ನೆರೆಮನೆಗೆ ಲಂಡನ್ ಸುತ್ತಿಕೊಂಡು ಹೋಗುವ ದಾರಿ

2000ನೇ ಇಸವಿಯಲ್ಲಿ ನೈರೋಬಿಯ ಒಂದು ಕಚೇರಿಯಿಂದ ಎದುರು ಬೀದಿಯ ಕಚೇರಿಗೆ ಇ-ಮೇಲ್ ಕಳಿಸಿದರೆ, ಇಬ್ಬರೂ ಬೇರೆ ಬೇರೆ ಇಂಟರ್ನೆಟ್ ಕಂಪನಿಯ ಗಿರಾಕಿಗಳಾಗಿದ್ದ ಪಕ್ಷದಲ್ಲಿ, ಆ ಪತ್ರ ಮೊದಲು ಉಪಗ್ರಹಕ್ಕೆ ಏರಿ, ಯುರೋಪಿನಲ್ಲೋ ಅಮೆರಿಕದಲ್ಲೋ ಇಳಿದು, ಮತ್ತೆ ಉಪಗ್ರಹ ಹತ್ತಿ ನೈರೋಬಿಗೆ ವಾಪಸಾಗುತ್ತಿತ್ತು. ಹೋಗುವುದಕ್ಕೂ ಡಾಲರು, ಬರುವುದಕ್ಕೂ ಡಾಲರು. ಈ ದಂಡ ತಪ್ಪಿಸಿಕೊಳ್ಳಲು ಅಲ್ಲಿನ ಇಂಟರ್ನೆಟ್ ಕಂಪನಿಗಳೇ ಸೇರಿ ಆ ವರ್ಷದ ನವೆಂಬರಿನಲ್ಲಿ ಒಂದು ಇಂಟರ್ನೆಟ್ ಎಕ್ಸ್‌ಚೇಂಜ್ ತೆರೆದವು. ತಾಂತ್ರಿಕವಾಗಿ ಅದೇನೂ ಮಹಾ ಸಾಹಸವಲ್ಲ: ಒಂದು ಕೋಣೆಯಲ್ಲಿ ಒಂದು ಸ್ವಿಚ್, ಅದಕ್ಕೆ ಎಲ್ಲ ಕಂಪನಿಗಳ ತಂತಿ. ಎರಡು ವಾರದೊಳಗೆ ಬೀಗ ಬಿತ್ತು. ಅಂತರರಾಷ್ಟ್ರೀಯ ಸಂಪರ್ಕದ ಏಕಸ್ವಾಮ್ಯ ತನ್ನದು ಎಂದು ಸರ್ಕಾರಿ ಸಂಸ್ಥೆ ಟೆಲ್ಕಾಮ್ ಕೆನ್ಯಾ ದೂರು ಕೊಟ್ಟಿತ್ತು, ನಿಯಂತ್ರಣ ಆಯೋಗ ಅದನ್ನು ಎತ್ತಿಹಿಡಿದಿತ್ತು. ಬೀದಿ ದಾಟುವ ಪತ್ರ ಅಂತರರಾಷ್ಟ್ರೀಯ ಹೇಗಾಯಿತು ಎಂದು ಕೇಳಬೇಡಿ. ವಾದ-ವಿವಾದ ಮುಗಿದು, ಪರವಾನಗಿ ಸಿಕ್ಕಿ, ಬಾಗಿಲು ಮತ್ತೆ ತೆರೆದದ್ದು 2002ರ ಫೆಬ್ರವರಿಯಲ್ಲಿ.

ಬಡ ದೇಶಗಳು ಮಾಹಿತಿ ತಂತ್ರಜ್ಞಾನದಲ್ಲಿ ನೆರೆಹೊರೆಯವರೊಡನೆ ಕೈಜೋಡಿಸಿದರೆ ಆರ್ಥಿಕವಾಗಿ ಮೇಲೇಳಬಹುದು ಎಂಬ ಮಾತು ನಾಲ್ಕು ದಶಕಗಳಿಂದ ಎಲ್ಲ ಶೃಂಗಸಭೆಗಳ ನಿರ್ಣಯಗಳಲ್ಲೂ ಇದೆ. ಮಾತೇನೋ ಸರಿ. ಆದರೆ ಎಲ್ಲಿ ಅದು ನಡೆಯಿತು, ಎಲ್ಲಿ ನಡೆಯಲಿಲ್ಲ ಎಂದು ನೋಡಲು ಹೊರಟರೆ ಹಣ, ಪರಿಣತಿ, ಯಂತ್ರ ಇವು ಯಾವುವೂ ಮುಖ್ಯ ಅಡ್ಡಿಯಾಗಿ ಕಾಣುವುದಿಲ್ಲ. ಕಾಣುವುದು ಟೆಲ್ಕಾಮ್ ಕೆನ್ಯಾದ ಆ ದೂರು. ಸುತ್ತುದಾರಿಯಿಂದ ಯಾರೋ ಸಂಪಾದಿಸುತ್ತಿರುತ್ತಾರೆ. ನೇರ ದಾರಿ ತೆರೆದರೆ ಅವರ ಗಲ್ಲಾಪೆಟ್ಟಿಗೆ ಖಾಲಿಯಾಗುತ್ತದೆ. ಪೂರ್ವ ಆಫ್ರಿಕಾದ ಇಪ್ಪತ್ತು ವರ್ಷಗಳ ಕಥೆ ಇದನ್ನು ಬೇರೆಲ್ಲಕ್ಕಿಂತ ಚೆನ್ನಾಗಿ ತೋರಿಸುವುದರಿಂದ ಈ ಬರಹದ ಹೆಚ್ಚು ಭಾಗ ಅಲ್ಲಿಯೇ ಕಳೆಯುತ್ತದೆ.

2009ರವರೆಗೆ ಆಫ್ರಿಕಾದ ಪೂರ್ವ ಕರಾವಳಿಗೆ ಸಮುದ್ರದಾಳದ ಒಂದೇ ಒಂದು ಫೈಬರ್ ಕೇಬಲ್ ಇರಲಿಲ್ಲ. ಸೊಮಾಲಿಯಾದಿಂದ ಮೊಜಾಂಬಿಕ್‌ವರೆಗೆ ಎಲ್ಲರದೂ ಉಪಗ್ರಹದ ಅವಲಂಬನೆ. ಒಂದು ಮೆಗಾಬಿಟ್ ಸಾಮರ್ಥ್ಯಕ್ಕೆ ತಿಂಗಳಿಗೆ ಸಾವಿರಾರು ಡಾಲರ್ ಬಾಡಿಗೆ. ಕಾಲ್ ಸೆಂಟರ್ ತೆರೆಯುತ್ತೇವೆ ಎಂದು ಹೊರಟ ನೈರೋಬಿಯ ಉದ್ಯಮಿ ಬೆಂಗಳೂರಿನವನ ಜೊತೆ ಪೈಪೋಟಿ ಮಾಡುವುದಾದರೂ ಹೇಗೆ? ಪಶ್ಚಿಮ ಕರಾವಳಿಗೆ 2002ರಲ್ಲೇ ಸ್ಯಾಟ್-3 ಎಂಬ ಕೇಬಲ್ ಬಂದಿತ್ತು. ಅದರ ಜೋಡಿ ಕೇಬಲ್ ದಕ್ಷಿಣ ಆಫ್ರಿಕಾದಿಂದ ಹೊರಟು ನಮ್ಮ ಕೊಚ್ಚಿಯನ್ನೂ ಮುಟ್ಟಿ ಮಲೇಷ್ಯಾಕ್ಕೆ ಹೋಗುತ್ತದೆ. ಆದರೆ ಸ್ಯಾಟ್-3 ಬಂದರೂ ಬೆಲೆ ಇಳಿಯಲಿಲ್ಲ. ಅದನ್ನು ಹಾಕಿದ್ದು ದೂರವಾಣಿ ಸಂಸ್ಥೆಗಳ ಒಂದು ಕೂಟ. ಪ್ರತಿ ದೇಶದಲ್ಲೂ ಕೇಬಲ್ ದಡ ಮುಟ್ಟುವ ಜಾಗ ಒಂದೇ ಸಂಸ್ಥೆಯ ಕೈಯಲ್ಲಿ. ಬೇರೆಯವರು ಅವರು ಹೇಳಿದ ಬೆಲೆಗೆ ಕೊಳ್ಳಬೇಕು, ಇಲ್ಲವೇ ಉಪಗ್ರಹಕ್ಕೆ ಹೋಗಬೇಕು. ಹತ್ತಾರು ದೇಶಗಳ ಸಂಸ್ಥೆಗಳು ಸೇರಿ ನಡೆಸಿದ ಸಹಕಾರವೇ ಅದು, ಸಂಶಯವಿಲ್ಲ. ಯಾರ ನಡುವಿನ ಸಹಕಾರ ಎಂಬುದಷ್ಟೇ ಪ್ರಶ್ನೆ.

ಪೂರ್ವದವರು ಈ ಪಾಠ ನೋಡಿ ಕಲಿತಿದ್ದರು. 2003ರ ಸುಮಾರಿಗೆ ಈಸ್ಸಿ ಎಂಬ ಕೇಬಲ್‌ನ ಮಾತು ಹುಟ್ಟಿತು: ದಕ್ಷಿಣ ಆಫ್ರಿಕಾದ ಮ್ಟುಂಜಿನಿಯಿಂದ ಸುಡಾನ್ ಬಂದರಿನವರೆಗೆ ಸುಮಾರು 10,000 ಕಿಲೋಮೀಟರ್. ಕೂಟದ ಸಂಸ್ಥೆಗಳು ಸ್ಯಾಟ್-3 ಮಾದರಿಯೇ ಇರಲಿ ಎಂದವು. ಸಾಲ ಕೊಡಬೇಕಾದ ಬ್ಯಾಂಕುಗಳು ಮತ್ತು ನಾಗರಿಕ ಸಂಘಟನೆಗಳು, ಪರವಾನಗಿ ಇರುವ ಯಾರಿಗೇ ಆಗಲಿ ಒಂದೇ ಬೆಲೆಗೆ ಮಾರುವ ಮುಕ್ತ ವ್ಯವಸ್ಥೆ ಬೇಕು ಎಂದು ಪಟ್ಟು ಹಿಡಿದವು. ಆಫ್ರಿಕನ್ ಒಕ್ಕೂಟದ ಅಭಿವೃದ್ಧಿ ಕಾರ್ಯಕ್ರಮವಾದ ನೆಪಾಡ್, ದಕ್ಷಿಣ ಆಫ್ರಿಕಾದ ಬೆಂಬಲದೊಂದಿಗೆ, ಇದು ಸರ್ಕಾರಗಳ ಹಿಡಿತದಲ್ಲೇ ಇರಬೇಕು ಎಂದು 2006ರಲ್ಲಿ ಕಿಗಾಲಿ ಒಡಂಬಡಿಕೆ ತಂದಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಸಭೆಯ ಮೇಲೆ ಸಭೆ ನಡೆದು ಮೂರು ವರ್ಷ ಕಳೆದರೂ ಒಂದು ಮೀಟರ್ ಕೇಬಲ್ ಸಮುದ್ರಕ್ಕೆ ಇಳಿಯಲಿಲ್ಲ.

ಕೆನ್ಯಾದ ತಾಳ್ಮೆ ಮೊದಲು ಮುಗಿಯಿತು. ಅಲ್ಲಿನ ಮಾಹಿತಿ ಇಲಾಖೆಯ ಕಾಯಂ ಕಾರ್ಯದರ್ಶಿಯಾಗಿದ್ದ ಬಿಟಾಂಗೆ ಎನ್‌ಡೆಮೊ, ಎಲ್ಲರೂ ಒಪ್ಪುವವರೆಗೆ ಕಾಯುವ ಬದಲು ಸಂಯುಕ್ತ ಅರಬ್ ಸಂಸ್ಥಾನದ ಎತಿಸಲಾತ್ ಕಂಪನಿಯ ಜೊತೆ ಸೇರಿ ಮೊಂಬಾಸಾದಿಂದ ಫುಜೈರಾಕ್ಕೆ ಟೀಮ್ಸ್ ಎಂಬ ಪ್ರತ್ಯೇಕ ಕೇಬಲ್ ಹಾಕಿಸುವ ದಾರಿ ಹಿಡಿದರು. ಕೆನ್ಯಾದ ಖಾಸಗಿ ಕಂಪನಿಗಳಿಗೂ ಅದರಲ್ಲಿ ಪಾಲು. 2009ರ ಜೂನ್‌ನಲ್ಲಿ ಅದು ಮೊಂಬಾಸಾ ದಡ ಮುಟ್ಟಿತು. ಅಷ್ಟರಲ್ಲಿ ಯಾವ ಸರ್ಕಾರದ ಅಪ್ಪಣೆಗೂ ಕಾಯದ ಖಾಸಗಿ ಕೇಬಲ್ ಸೀಕಾಮ್, ಒಂದು ಕೊನೆ ಮುಂಬೈಯಲ್ಲಿ ಇಟ್ಟುಕೊಂಡು, ಜುಲೈ 23ಕ್ಕೆ ಸೇವೆ ಶುರುಮಾಡಿಯೇಬಿಟ್ಟಿತು. ಹಿಂದೆ ಬಿದ್ದ ಈಸ್ಸಿಗೆ ಈಗ ಬುದ್ಧಿ ಬಂತು. ವಿಶ್ವಬ್ಯಾಂಕ್ ಸಮೂಹ ಮತ್ತು ಆಫ್ರಿಕನ್ ಅಭಿವೃದ್ಧಿ ಬ್ಯಾಂಕ್ ಮೊದಲಾದವು ಸಾಲ ಕೊಟ್ಟು, ಹಲವು ಸಣ್ಣ ದೇಶಗಳ ಸಂಸ್ಥೆಗಳು ಸೇರಿ ಕಟ್ಟಿದ ಒಂದು ಜಂಟಿ ಕಂಪನಿಯನ್ನು ಒಳಗೆ ತಂದವು. ಮುಕ್ತ ಮಾರಾಟ ಅದರ ಷರತ್ತು. 2010ರಲ್ಲಿ ಈಸ್ಸಿಯೂ ಚಾಲೂ ಆಯಿತು.

ಒಂದು ಕೇಬಲ್‌ಗಾಗಿ ಜಗಳವಾಡಿದ ಪ್ರದೇಶಕ್ಕೆ ಹದಿನೈದು ತಿಂಗಳೊಳಗೆ ಮೂರು ಬಂದವು. ಸಗಟು ಬೆಲೆ ಸಾವಿರಗಳಿಂದ ನೂರುಗಳಿಗೆ ಇಳಿಯಿತು. ಒಪ್ಪಂದ ಮುರಿದುಬಿದ್ದದ್ದೇ ಒಳ್ಳೆಯದಾಯಿತು ಎಂದು ಬರೆದವರಿದ್ದಾರೆ. ನನಗೆ ಅದು ಅರ್ಧ ಸತ್ಯ ಅನಿಸುತ್ತದೆ. ಮುಕ್ತ ಮಾರಾಟದ ಷರತ್ತನ್ನು ಆ ಮೂರು ವರ್ಷಗಳ ಜಗಳ ಎಲ್ಲರ ಕಿವಿಗೂ ಹಾಕಿರದಿದ್ದರೆ, ಮೂರೂ ಕೇಬಲ್‌ಗಳು ಸ್ಯಾಟ್-3ರ ಮರಿಗಳಾಗುವುದಕ್ಕೆ ಏನೂ ಅಡ್ಡಿ ಇರಲಿಲ್ಲ.

ಇದರಿಂದ ಸಾಮಾನ್ಯರಿಗೆ ಏನು ಸಿಕ್ಕಿತು? ಅರ್ಥಶಾಸ್ತ್ರಜ್ಞರಾದ ಯೋನಾಸ್ ಯೋರ್ಟ್ ಮತ್ತು ಯೋನಾಸ್ ಪೌಲ್ಸೆನ್ 2019ರಲ್ಲಿ ಪ್ರಕಟಿಸಿದ ಅಧ್ಯಯನ ಈ ಪ್ರಶ್ನೆಯನ್ನೇ ಹಿಡಿದು ಹೊರಟದ್ದು. ಆಫ್ರಿಕಾದ 12 ದೇಶಗಳಲ್ಲಿ ಕೇಬಲ್ ಬಂದ ಮೇಲೆ, ಆಗಲೇ ಒಳನಾಡಿನ ಫೈಬರ್ ಇದ್ದ ಜಾಗಗಳನ್ನೂ ಇಲ್ಲದ ಜಾಗಗಳನ್ನೂ ಹೋಲಿಸಿ ನೋಡಿದಾಗ, ಫೈಬರ್ ಇದ್ದ ಕಡೆ ಉದ್ಯೋಗ ಗಣನೀಯವಾಗಿ ಹೆಚ್ಚಿತ್ತು. ಕೆಲಸ ಸಿಕ್ಕಿದ್ದು ಪದವೀಧರರಿಗೆ ಮಾತ್ರವಲ್ಲ, ಪ್ರಾಥಮಿಕ ಶಾಲೆ ಮುಗಿಸಿದವರಿಗೂ. ಅಭಿವೃದ್ಧಿ ಸಾಹಿತ್ಯದಲ್ಲಿ ಇಂಥ ನೇರ ಉತ್ತರ ಅಪರೂಪ. ಅದೇ ಅಧ್ಯಯನದ ಇನ್ನೊಂದು ಮುಖವನ್ನೂ ಗಮನಿಸಬೇಕು: ಲಾಭ ನಿಂತದ್ದು ಫೈಬರ್ ಮುಟ್ಟಿದ ಊರಿನಲ್ಲೇ.

ಕಡಲತೀರವಿಲ್ಲದ ಉಗಾಂಡಾ, ರುವಾಂಡಾ, ಬುರುಂಡಿಗಳಿಗೆ ತೊಡಕು ಇಲ್ಲಿಂದಲೇ ಶುರು. ಮೊಂಬಾಸಾದಲ್ಲಿ ಅಗ್ಗವಾದ ಬ್ಯಾಂಡ್‌ವಿಡ್ತ್ ಉಗಾಂಡಾದ ಕಂಪಾಲಾ ಸೇರುವಷ್ಟರಲ್ಲಿ ತುಟ್ಟಿಯಾಗುತ್ತಿತ್ತು. ಗಡಿಯ ಈಚೆ ಒಂದು ದೇಶದ ಫೈಬರ್ ಮುಗಿಯುತ್ತದೆ, ಆಚೆ ಇನ್ನೊಂದರದು ಶುರುವಾಗುತ್ತದೆ. ನಡುವಿನ ತುಣುಕಿಗೆ ಎರಡು ಪರವಾನಗಿ, ಎರಡು ಶುಲ್ಕ, ಎರಡು ಕಡೆಯ ಅಧಿಕಾರಿಗಳು. ಮಧ್ಯದ ದೇಶಕ್ಕೆ ಹಾದುಹೋಗುವ ಸಂಚಾರದಿಂದ ಬಾಡಿಗೆ ಸಿಗುತ್ತದೆ, ಬಿಡಲು ಮನಸ್ಸಾಗುವುದಿಲ್ಲ. ರುವಾಂಡಾ ಇದಕ್ಕೆ ಕಂಡುಕೊಂಡ ಉಪಾಯ ಅಂಗಡಿಗೆ ಹೋದ ಗೃಹಿಣಿಯದು: ಉಗಾಂಡಾ ಮೂಲಕ ಮೊಂಬಾಸಾಗೆ ಒಂದು ದಾರಿ, ತಾಂಜಾನಿಯಾ ಮೂಲಕ ದಾರ್-ಎಸ್-ಸಲಾಮ್‌ಗೆ ಇನ್ನೊಂದು. ಇಬ್ಬರು ಮಾರುವವರಿದ್ದರೆ ಚೌಕಾಸಿಗೆ ಜಾಗ ಇರುತ್ತದೆ. ನೇಪಾಳ 2018ರ ಜನವರಿಯಲ್ಲಿ ರಸುವಾಗಢಿ ಮೂಲಕ ಚೀನಾದಿಂದ ಇಂಟರ್ನೆಟ್ ತಂದುಕೊಂಡಾಗ, ದೆಹಲಿಯ ಪತ್ರಿಕೆಗಳು ಅದನ್ನು ರಾಜಕೀಯವಾಗಿ ಓದಿದವು. ಅಲ್ಲಿಯವರೆಗೆ ಎಲ್ಲವನ್ನೂ ಭಾರತದಿಂದಲೇ ಕೊಳ್ಳುತ್ತಿದ್ದ ಕಠ್ಮಂಡುವಿನ ಲೆಕ್ಕಾಚಾರ ಬಹುಪಾಲು ರುವಾಂಡಾದ್ದೇ ಆಗಿತ್ತು.

ಫೋನ್ ಕರೆಯ ವಿಷಯದಲ್ಲಿ ಗಡಿಯ ಬಾಡಿಗೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಬುಸಿಯಾ ಎಂಬ ಊರು ಅರ್ಧ ಕೆನ್ಯಾದಲ್ಲಿದೆ, ಅರ್ಧ ಉಗಾಂಡಾದಲ್ಲಿದೆ. ಮೀನು, ಮೆಕ್ಕೆಜೋಳ, ಬಟ್ಟೆ ಹೊತ್ತು ದಿನಕ್ಕೆ ಹಲವು ಬಾರಿ ಗಡಿ ದಾಟುವ ವ್ಯಾಪಾರಿಗಳಲ್ಲಿ ಹೆಂಗಸರೇ ಹೆಚ್ಚು. ಆಚೆ ಬದಿಯ ಅಂಗಡಿಯವನನ್ನು ದರ ಕೇಳುವುದಕ್ಕೂ ಅಂತರರಾಷ್ಟ್ರೀಯ ಕರೆಯ ದುಡ್ಡು ತೆರಬೇಕಿತ್ತು, ಇಲ್ಲವೇ ಎರಡೆರಡು ಸಿಮ್ ಇಟ್ಟುಕೊಳ್ಳಬೇಕಿತ್ತು. ಇದನ್ನು ಮೊದಲು ಮುರಿದದ್ದು ಸರ್ಕಾರವಲ್ಲ, ಒಂದು ಕಂಪನಿ. ಮೊ ಇಬ್ರಾಹಿಂ ಕಟ್ಟಿದ ಸೆಲ್ಟೆಲ್ 2006ರಲ್ಲಿ ಕೆನ್ಯಾ, ಉಗಾಂಡಾ, ತಾಂಜಾನಿಯಾಗಳ ತನ್ನ ಗಿರಾಕಿಗಳಿಗೆ ರೋಮಿಂಗ್ ಶುಲ್ಕವನ್ನೇ ತೆಗೆದುಹಾಕಿತು. ಮುಂದೆ ಆ ಜಾಲ ಕೈಬದಲಾಗಿ 2010ರಲ್ಲಿ ನಮ್ಮ ಏರ್‌ಟೆಲ್ ಪಾಲಾಯಿತು. ಆದರೆ ಒಂದು ಕಂಪನಿಯ ರಿಯಾಯಿತಿ ಆ ಕಂಪನಿಯ ಗಿರಾಕಿಗಳಿಗೆ ಮಾತ್ರ. ಮೇಲಾಗಿ ಹೊರದೇಶದಿಂದ ಬರುವ ಕರೆಗಳಿಗೆ ನಿಮಿಷದ ಲೆಕ್ಕದಲ್ಲಿ ಸರ್ಕಾರಗಳೇ ಹಾಕುತ್ತಿದ್ದ ಸರ್ಚಾರ್ಜ್ ಕಂಪನಿಯ ಕೈಯಲ್ಲಿರಲಿಲ್ಲ. 2014ರ ಕೊನೆಯಿಂದ 2015ರ ಆರಂಭದವರೆಗೆ ಕೆನ್ಯಾ, ಉಗಾಂಡಾ, ರುವಾಂಡಾ, ಆಮೇಲೆ ದಕ್ಷಿಣ ಸುಡಾನ್ ಸೇರಿ ಒನ್ ನೆಟ್‌ವರ್ಕ್ ಏರಿಯಾ ಜಾರಿಗೆ ತಂದವು: ರೋಮಿಂಗ್‌ನಲ್ಲಿ ಒಳಬರುವ ಕರೆ ಪುಕ್ಕಟೆ, ಹೊರಹೋಗುವ ಕರೆಗೆ ನಿಮಿಷಕ್ಕೆ 10 ಅಮೆರಿಕನ್ ಸೆಂಟ್ ಮಿತಿ, ಪರಸ್ಪರ ಕರೆಗಳಿಗೆ ಸರ್ಚಾರ್ಜ್ ಇಲ್ಲ. ಕೆಲವೇ ತಿಂಗಳಲ್ಲಿ ಕರೆಗಳ ಪ್ರಮಾಣ ಹಲವು ಪಟ್ಟು ಏರಿತು. ಅಂದರೆ ಅಷ್ಟು ದಿನ ಜನರಿಗೆ ಮಾತು ಇರಲಿಲ್ಲ ಎಂದಲ್ಲ, ದುಡ್ಡು ಸಾಲದಾಗಿತ್ತು.

ಇಲ್ಲಿ ಗಮನಿಸಬೇಕಾದದ್ದು ತಾಂಜಾನಿಯಾ ಈ ಕೂಟದ ಹೊರಗಿತ್ತು ಎಂಬುದು. ಈ ಪ್ರದೇಶದ ಒಕ್ಕೂಟವಾದ ಪೂರ್ವ ಆಫ್ರಿಕಾ ಸಮುದಾಯದ ಕೇಂದ್ರ ಕಚೇರಿ ಇರುವುದು ತಾಂಜಾನಿಯಾದ ಅರೂಷಾದಲ್ಲಿ. ಅಲ್ಲಿ ಯಾವ ನಿರ್ಧಾರಕ್ಕೂ ಎಲ್ಲರ ಸಹಿ ಬೇಕು. 2013ರಲ್ಲಿ ಕೆನ್ಯಾ, ಉಗಾಂಡಾ, ರುವಾಂಡಾಗಳ ಅಧ್ಯಕ್ಷರಾದ ಕೆನ್ಯಾಟ, ಮುಸೆವೇನಿ, ಕಗಾಮೆ ಮೂವರೂ ಸೇರಿ, ಬರುವವರು ಬರಲಿ ಎಂದು ಉತ್ತರ ಕಾರಿಡಾರ್ ಹೆಸರಿನಲ್ಲಿ ಮುಂದೆ ನಡೆದುಬಿಟ್ಟರು. ರೋಮಿಂಗ್ ಆದದ್ದು ಈ ಕೂಟದಿಂದ. ಕಸ್ಟಮ್ಸ್ ಸುಧಾರಣೆಗೆ ವೇಗ ಬಂದದ್ದೂ ಇದರಿಂದಲೇ. ಈ ಕಸ್ಟಮ್ಸ್ ಕಥೆಯಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಮಾಹಿತಿ ತಂತ್ರಜ್ಞಾನದಿಂದ ಆರ್ಥಿಕತೆಗೆ ಏನಾಯಿತು ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಫೋನನ್ನಲ್ಲ, ಕೆನ್ಯಾ-ಉಗಾಂಡಾ ನಡುವಿನ ಮಲಾಬಾ ಗಡಿಯ ಲಾರಿ ಸಾಲನ್ನು.

ಹಿಂದೆ ಮೊಂಬಾಸಾ ಬಂದರಿನಲ್ಲಿ ಇಳಿದ ಸರಕು ಕಂಪಾಲಾಕ್ಕೆ ಹೋಗಬೇಕಾದರೆ ಕೆನ್ಯಾದ ಕಸ್ಟಮ್ಸ್‌ನಲ್ಲಿ ಒಂದು ಘೋಷಣೆ, ಸುಂಕ ತಪ್ಪಿಸಿ ಕೆನ್ಯಾದಲ್ಲೇ ಮಾರುವುದಿಲ್ಲ ಎಂಬುದಕ್ಕೆ ಒಂದು ಬಾಂಡ್. ಮಲಾಬಾದಲ್ಲಿ ಉಗಾಂಡಾದವರು ಅದೇ ವಿವರವನ್ನು ತಮ್ಮ ಕಂಪ್ಯೂಟರಿಗೆ ಮತ್ತೆ ಕೈಯಿಂದ ತುಂಬಬೇಕಿತ್ತು. ಆಗ ಕೆನ್ಯಾದ ತಂತ್ರಾಂಶ ಸಿಂಬಾ, ಉಗಾಂಡಾದ್ದು ಅಸಿಕುಡಾ. ಒಂದಕ್ಕೆ ಇನ್ನೊಂದರ ಭಾಷೆ ಬರುತ್ತಿರಲಿಲ್ಲ. ಮರುಟೈಪಿಂಗ್‌ನಲ್ಲಿ ಅಂಕಿ ತಪ್ಪುತ್ತಿತ್ತು, ತಪ್ಪಿಸಲೂ ಬಹುದಿತ್ತು. ಲಾರಿ ನಿಲ್ಲುತ್ತಿತ್ತು, ಚಾಲಕ ಅಲ್ಲೇ ಅಡುಗೆ ಮಾಡಿಕೊಂಡು ಮಲಗುತ್ತಿದ್ದ. ಮೊದಲು ಈ ಎರಡು ವ್ಯವಸ್ಥೆಗಳ ನಡುವೆ ಮಾಹಿತಿ ಸಾಗಿಸುವ ರಾಡೆಕ್ಸ್ ಎಂಬ ಕೊಂಡಿ ಬಂತು. ಬಳಿಕ 2014ರಲ್ಲಿ ಏಕ ಕಸ್ಟಮ್ಸ್ ಪ್ರದೇಶದ ನಿಯಮ ಬಂತು: ಉಗಾಂಡಾದ ಸುಂಕವನ್ನು ಸರಕು ಬಂದರು ಬಿಡುವ ಮುಂಚೆಯೇ ಕಂಪಾಲಾದಲ್ಲಿ ಕಟ್ಟಬೇಕು, ಉಗಾಂಡಾ, ರುವಾಂಡಾದ ಅಧಿಕಾರಿಗಳು ಮೊಂಬಾಸಾದಲ್ಲೇ ಮೇಜು ಹಾಕಿಕೊಂಡು ಕೂರುತ್ತಾರೆ. ಮೊಂಬಾಸಾದಿಂದ ಕಂಪಾಲಾಕ್ಕೆ 18 ದಿನ ಹಿಡಿಯುತ್ತಿದ್ದ ಸರಕು 4 ದಿನಕ್ಕೆ, ರುವಾಂಡಾದ ಕಿಗಾಲಿಗೆ 21 ದಿನ ಹಿಡಿಯುತ್ತಿದ್ದದ್ದು 6 ದಿನಕ್ಕೆ ತಲುಪತೊಡಗಿತು ಎಂಬುದು ಆ ದೇಶಗಳ ಕಂದಾಯ ಸಂಸ್ಥೆಗಳು ಕೊಟ್ಟ ಲೆಕ್ಕ. ಸರ್ಕಾರಿ ಅಂಕಿ ಎಂದು ಸ್ವಲ್ಪ ಕಡಿತ ಮಾಡಿಕೊಂಡರೂ ದೊಡ್ಡದೇ.

ಅಂದಹಾಗೆ ಈ ಅಸಿಕುಡಾದ ಹುಟ್ಟು ಕೂಡ ಪ್ರಾದೇಶಿಕ ಸಹಕಾರದಲ್ಲೇ. 1980ರ ದಶಕದ ಆರಂಭದಲ್ಲಿ ಪಶ್ಚಿಮ ಆಫ್ರಿಕಾದ ದೇಶಗಳ ಆರ್ಥಿಕ ಒಕ್ಕೂಟ, ವಿದೇಶ ವ್ಯಾಪಾರದ ಅಂಕಿಅಂಶ ಕಲೆಹಾಕಲು ನೆರವು ಬೇಕು ಎಂದು ವಿಶ್ವಸಂಸ್ಥೆಯ ವಾಣಿಜ್ಯ ಮತ್ತು ಅಭಿವೃದ್ಧಿ ಸಂಸ್ಥೆಯನ್ನು ಕೇಳಿಕೊಂಡದ್ದರಿಂದ ಶುರುವಾದ ತಂತ್ರಾಂಶ ಅದು. ಈಗ ಸುಮಾರು 100 ದೇಶಗಳ ಕಸ್ಟಮ್ಸ್ ಮೇಜಿನ ಮೇಲಿದೆ. ಶೃಂಗಸಭೆಯ ಭಾಷಣಗಳಲ್ಲಿ ಇದರ ಹೆಸರು ಬರುವುದೇ ಇಲ್ಲ.

ಹಾಗೆಂದು ಉತ್ತರ ಕಾರಿಡಾರ್ ರಾಮರಾಜ್ಯವೇನಲ್ಲ. ಅದೇ ಕೂಟದ ದೊಡ್ಡ ಕನಸಾಗಿದ್ದ ರೈಲು ಮಾರ್ಗ ಮೊಂಬಾಸಾದಿಂದ ಹೊರಟು ನೈವಾಶಾದ ಬಳಿ ನಿಂತಿತು. 2019ರ ಫೆಬ್ರವರಿಯಲ್ಲಿ ಉಗಾಂಡಾದೊಡನೆ ಮುನಿಸಿಕೊಂಡ ರುವಾಂಡಾ ಗಟುನಾ ಗಡಿಯನ್ನು ಮುಚ್ಚಿತು. 2022ರ ಜನವರಿ ಕೊನೆಯವರೆಗೆ ತೆರೆಯಲಿಲ್ಲ. ಕಂಪ್ಯೂಟರುಗಳು ಪರಸ್ಪರ ಮಾತಾಡುತ್ತಲೇ ಇದ್ದವು, ದೇಶಗಳು ಮಾತು ಬಿಟ್ಟಿದ್ದವು. 2020ರಲ್ಲಿ ಕೋವಿಡ್ ಬಂದಾಗ ಒಂದು ದೇಶದ ಪರೀಕ್ಷಾ ವರದಿಯನ್ನು ಇನ್ನೊಂದು ನಂಬದೆ ಮಲಾಬಾದಲ್ಲಿ ಲಾರಿಗಳ ಸಾಲು ಹತ್ತಾರು ಕಿಲೋಮೀಟರ್ ಬೆಳೆಯಿತು. ಚಾಲಕರ ಪರೀಕ್ಷಾ ಫಲಿತಾಂಶವನ್ನು ಎಲ್ಲ ದೇಶಗಳೂ ನೋಡಬಹುದಾದ ಒಂದು ಮೊಬೈಲ್ ವ್ಯವಸ್ಥೆ ಮಾಡಿದ ಮೇಲೆ ಹಿಡಿತಕ್ಕೆ ಬಂತು. ಕೊಂಡಿ ಕಟ್ಟುವ ಅಭ್ಯಾಸ ಮೊದಲೇ ಇದ್ದದ್ದರಿಂದ ಅದು ವರ್ಷಗಟ್ಟಲೆ ಹಿಡಿಯಲಿಲ್ಲ ಎನ್ನುವುದಷ್ಟೇ ಸಮಾಧಾನ.

ನಮ್ಮ ಕಡೆಗೆ ಬರೋಣ. ದಕ್ಷಿಣ ಏಷ್ಯಾದ ಲೆಕ್ಕವೇ ಬೇರೆ. ಅಲ್ಲಿ ಹೆಚ್ಚುಕಡಿಮೆ ಸಮಬಲದ ಕೆಲವು ದೇಶಗಳು, ಇಲ್ಲಿ ನಡುಮನೆಯಲ್ಲಿ ಕೂತ ದೊಡ್ಡಣ್ಣ. ಸಾರ್ಕ್ ಶೃಂಗಸಭೆ 2014ರ ಕಠ್ಮಂಡುವಿನ ನಂತರ ಸೇರಿಯೇ ಇಲ್ಲ. ಹೀಗಾಗಿ ನಮ್ಮಲ್ಲಿ ಸಹಕಾರ ಕೊಡುಗೆಯ ರೂಪ ತಾಳುತ್ತದೆ. 2017ರ ಮೇ 5ರಂದು ಹಾರಿದ ದಕ್ಷಿಣ ಏಷ್ಯಾ ಉಪಗ್ರಹ ಇದಕ್ಕೆ ಒಳ್ಳೆಯ ಉದಾಹರಣೆ. ಇಸ್ರೊ ಕಟ್ಟಿದ್ದು, ವೆಚ್ಚ ಪೂರ್ತಿ ಭಾರತದ್ದು, 12 ಟ್ರಾನ್ಸ್‌ಪಾಂಡರ್‌ಗಳು, ನಿಯಂತ್ರಣ ನಮ್ಮ ಹಾಸನದ ಮುಖ್ಯ ನಿಯಂತ್ರಣ ಕೇಂದ್ರದಿಂದ. ಪಾಕಿಸ್ತಾನ ಹೊರಗುಳಿಯಿತು, ಉಳಿದವರು ಸ್ವೀಕರಿಸಿದರು. ಥಿಂಫುವಿನಲ್ಲಿ 2019ರಲ್ಲಿ ಭೂಕೇಂದ್ರವೂ ಆಯಿತು. ಭೂತಾನದ ಬೆಟ್ಟದ ಹಳ್ಳಿಗಳಿಗೆ ಇದರಿಂದ ಪ್ರಯೋಜನವಿದೆ, ಅಲ್ಲಗಳೆಯುವಂತಿಲ್ಲ. ಆದರೆ ದಾನ ಪಡೆದವನು ಬೆಲೆಯ ಬಗ್ಗೆ ತಕರಾರು ಮಾಡುವುದಿಲ್ಲ, ನಿಯಮ ತಿದ್ದಿ ಎಂದೂ ಕೇಳುವುದಿಲ್ಲ. ಅಲ್ಲಿಗೆ ಸಂಬಂಧ ಮುಂದುವರಿಯಲು ಕಾರಣವೇ ಕಡಿಮೆಯಾಗುತ್ತದೆ.

ನನಗೆ ಹೆಚ್ಚು ಗಟ್ಟಿ ಅನಿಸುವುದು ಅಗರ್ತಲಾದ ವ್ಯಾಪಾರ. 2016ರ ಮಾರ್ಚ್ 23ರಂದು ಬಾಂಗ್ಲಾದೇಶದ ಕಾಕ್ಸ್ ಬಜಾರ್ ಕೇಬಲ್ ನಿಲ್ದಾಣದಿಂದ 10 ಗಿಗಾಬಿಟ್ ಬ್ಯಾಂಡ್‌ವಿಡ್ತ್ ತ್ರಿಪುರಕ್ಕೆ ಬಂತು. ಅದೇ ದಿನ ತ್ರಿಪುರದಿಂದ 100 ಮೆಗಾವಾಟ್ ವಿದ್ಯುತ್ ಬಾಂಗ್ಲಾಕ್ಕೆ ಹೋಯಿತು. ಕೊಟ್ಟು ತೆಗೆದುಕೊಳ್ಳುವ ವ್ಯವಹಾರ, ಇಬ್ಬರಿಗೂ ಬಿಲ್ ಇದೆ. ಮುಂಬೈ, ಚೆನ್ನೈಗಳ ನಂತರ ಭಾರತಕ್ಕೆ ಅದು ಮೂರನೆಯ ಅಂತರರಾಷ್ಟ್ರೀಯ ಗೇಟ್‌ವೇ ಎಂದು ಆಗ ಸಂಭ್ರಮಿಸಿದೆವು. ಆದರೆ 2024ರ ಡಿಸೆಂಬರಿನಲ್ಲಿ, ಢಾಕಾದಲ್ಲಿ ಸರ್ಕಾರ ಬದಲಾದ ಮೇಲೆ, ತಮ್ಮ ನೆಲದ ಮೂಲಕ ಈಶಾನ್ಯ ಭಾರತಕ್ಕೆ ಇನ್ನಷ್ಟು ಬ್ಯಾಂಡ್‌ವಿಡ್ತ್ ಸಾಗಿಸುವ ಪ್ರಸ್ತಾವವನ್ನು ಅಲ್ಲಿನ ನಿಯಂತ್ರಣ ಆಯೋಗ ಕೈಬಿಟ್ಟಿತು. ಪ್ರಾದೇಶಿಕ ಕೇಂದ್ರವಾಗುವ ಬಾಂಗ್ಲಾದ ಅವಕಾಶಕ್ಕೆ ಅದು ಕುತ್ತು ಎಂಬ ಕಾರಣಕ್ಕೆ. ಮತ್ತೆ ಗಡಿಯ ಬಾಡಿಗೆಯ ಲೆಕ್ಕ. ಬೈಯುವ ಮುಂಚೆ, ನೇಪಾಳ, ಭೂತಾನಗಳಿಗೆ ದಾರಿ ಬಿಡುವಾಗ ನಾವೂ ಇದೇ ಲೆಕ್ಕ ಹಾಕಿದವರು ಎಂಬುದು ನೆನಪಿರಬೇಕು.

ಯುಪಿಐ ಭೂತಾನಕ್ಕೆ 2021ರಲ್ಲಿ, ಶ್ರೀಲಂಕಾ ಮತ್ತು ಮಾರಿಷಸ್‌ಗೆ 2024ರ ಫೆಬ್ರವರಿಯಲ್ಲಿ, ನೇಪಾಳಕ್ಕೆ ಮರುತಿಂಗಳು ತಲುಪಿತು. ಪಾರೋದಲ್ಲೋ ಕ್ಯಾಂಡಿಯಲ್ಲೋ ನಮ್ಮ ಪ್ರವಾಸಿ ಫೋನ್ ಹಿಡಿದು ಸ್ಕ್ಯಾನ್ ಮಾಡುತ್ತಾನೆ. ಅಂಗಡಿಯವನಿಗೆ ಅದು ಲಾಭವೇ. ಆದರೆ ಈ ಸೇತುವೆಯ ಮೇಲಿನ ಸಂಚಾರ ಬಹುಮಟ್ಟಿಗೆ ಒಮ್ಮುಖ. ಥಾಯ್ಲೆಂಡ್, ಇಂಡೊನೇಷ್ಯಾ, ಮಲೇಷ್ಯಾ, ಸಿಂಗಪುರಗಳು ತಮ್ಮ ತಮ್ಮ ಕ್ಯೂಆರ್ ವ್ಯವಸ್ಥೆಗಳನ್ನು ಉಳಿಸಿಕೊಂಡೇ ಒಂದಕ್ಕೊಂದು ಜೋಡಿಸಿದ್ದು ಇದಕ್ಕಿಂತ ನಿಧಾನದ, ತಲೆನೋವಿನ ಕೆಲಸ. ಫಲ ಮಾತ್ರ ಎರಡೂ ದಿಕ್ಕಿಗೆ.

ಭಾರತದ ಇನ್ನೆರಡು ಕೈಚಾಚುವಿಕೆಗಳನ್ನು ಬೇಗ ಮುಗಿಸುತ್ತೇನೆ. ರಾಷ್ಟ್ರಪತಿ ಅಬ್ದುಲ್ ಕಲಾಂ 2004ರಲ್ಲಿ ಆಫ್ರಿಕನ್ ಸಂಸತ್ತಿನಲ್ಲಿ ಮುಂದಿಟ್ಟ ಪ್ಯಾನ್-ಆಫ್ರಿಕನ್ ಇ-ನೆಟ್‌ವರ್ಕ್ 2009ರಲ್ಲಿ ಉದ್ಘಾಟನೆಯಾಯಿತು. ಆಫ್ರಿಕಾದ ವಿದ್ಯಾರ್ಥಿಗಳಿಗೆ ಪಾಠ, ಅಲ್ಲಿನ ವೈದ್ಯರಿಗೆ ನಮ್ಮ ಆಸ್ಪತ್ರೆಗಳಿಂದ ಸಲಹೆ. ಉದ್ದೇಶ ಉದಾತ್ತವೇ. ಆದರೆ ಎಲ್ಲ ಎಳೆಗಳೂ ಡಕಾರ್‌ನ ಕೇಂದ್ರದ ಮೂಲಕ ಭಾರತದತ್ತ ಬರುತ್ತಿದ್ದವು. ನೆರೆಯ ಎರಡು ಆಫ್ರಿಕನ್ ದೇಶಗಳು ತಮ್ಮೊಳಗೆ ಮಾತಾಡಿಕೊಳ್ಳಲು ಅದರಿಂದ ಹೆಚ್ಚೇನೂ ಆಗಲಿಲ್ಲ. ಬೆಂಗಳೂರಿನ ಐಐಐಟಿಯಲ್ಲಿ 2018ರಲ್ಲಿ ಶುರುವಾದ ಮೊಸಿಪ್ ಇನ್ನೊಂದು ಜಾತಿಯದು. ಆಧಾರ್‌ನಂಥ ಗುರುತಿನ ವ್ಯವಸ್ಥೆ ಕಟ್ಟಿಕೊಳ್ಳಲು ಬೇಕಾದ ತಂತ್ರಾಂಶವನ್ನು ಮುಕ್ತವಾಗಿ ಕೊಡುತ್ತದೆ. ಫಿಲಿಪ್ಪೀನ್ಸ್, ಮೊರಾಕೊ, ಇಥಿಯೋಪಿಯಾ, ಟೋಗೊ ತೆಗೆದುಕೊಂಡಿವೆ, ತಮ್ಮ ಸರ್ವರಿನಲ್ಲಿ ತಾವೇ ನಡೆಸುತ್ತವೆ. ಪಶ್ಚಿಮ ಆಫ್ರಿಕಾದಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಒಂದು ದೇಶದ ಗುರುತನ್ನು ಇನ್ನೊಂದು ಒಪ್ಪುವಂತೆ ಮಾಡುವ ಯೋಜನೆ ನಡೆದಿದೆ. ಅಷ್ಟರಲ್ಲೇ 2025ರ ಜನವರಿಯಲ್ಲಿ ಬುರ್ಕಿನಾ ಫಾಸೊ, ಮಾಲಿ, ನೈಜರ್ ಆ ಪ್ರದೇಶದ ಒಕ್ಕೂಟದಿಂದಲೇ ಹೊರಬಿದ್ದವು. ಇದಕ್ಕೆ ಕೋಡ್ ಬರೆಯುವವರು ಏನೂ ಮಾಡಲಾರರು.

ಕಾನೂನಿನ ದಾರಿ ಇದಕ್ಕಿಂತ ನಿಧಾನ. ಸೈಬರ್ ಭದ್ರತೆ ಮತ್ತು ವೈಯಕ್ತಿಕ ದತ್ತಾಂಶ ರಕ್ಷಣೆಗಾಗಿ ಆಫ್ರಿಕನ್ ಒಕ್ಕೂಟ 2014ರಲ್ಲಿ ಅಂಗೀಕರಿಸಿದ ಮಲಾಬೊ ಒಪ್ಪಂದಕ್ಕೆ ಬೇಕಾಗಿದ್ದ 15 ದೇಶಗಳ ಅನುಮೋದನೆ ಸಿಕ್ಕಿ ಜಾರಿಗೆ ಬಂದದ್ದು 2023ರ ಜೂನ್‌ನಲ್ಲಿ. ಆ ಹದಿನೈದರಲ್ಲಿ ಕೆನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ ಮೂರೂ ಇರಲಿಲ್ಲ. ಖಂಡದ ದೊಡ್ಡ ಡಿಜಿಟಲ್ ಮಾರುಕಟ್ಟೆಗಳೇ ಇಲ್ಲದ ಡಿಜಿಟಲ್ ಒಪ್ಪಂದ! ಇಂಟರ್ನೆಟ್ ವಿಳಾಸಗಳನ್ನು ಹಂಚಲು 2005ರಲ್ಲಿ ಮಾನ್ಯತೆ ಪಡೆದ, ಆಫ್ರಿಕಾದ ತಂತ್ರಜ್ಞರೇ ಕಟ್ಟಿದ ಅಫ್ರಿನಿಕ್ ಸಂಸ್ಥೆಯಂತೂ ವಿಳಾಸಗಳ ಬಗೆಗಿನ ವ್ಯಾಜ್ಯಗಳಲ್ಲಿ ಸಿಲುಕಿ, 2023ರಲ್ಲಿ ಮಾರಿಷಸ್‌ನ ನ್ಯಾಯಾಲಯ ನೇಮಿಸಿದ ರಿಸೀವರ್ ಕೈಗೆ ಹೋಯಿತು.

ನೈರೋಬಿಯ ಎಕ್ಸ್‌ಚೇಂಜ್ ಮಾತ್ರ ಸದ್ದಿಲ್ಲದೆ ಬೆಳೆಯಿತು. ಇಂಟರ್ನೆಟ್ ಸೊಸೈಟಿ 2020ರಲ್ಲಿ ಕೊಟ್ಟ ವರದಿಯಂತೆ, ಅದಕ್ಕೆ ಎಂಟು ವರ್ಷಗಳ ಹಿಂದೆ ಕೆನ್ಯಾದ ಸಂಚಾರದಲ್ಲಿ ಶೇ 30ರಷ್ಟು ಮಾತ್ರ ದೇಶದೊಳಗೆ ವಿನಿಮಯವಾಗುತ್ತಿತ್ತು, ವರದಿಯ ಹೊತ್ತಿಗೆ ಅದು ಶೇ 70 ಆಗಿತ್ತು. ಜನ ನೋಡುವ ವಿಡಿಯೊ, ಬಳಸುವ ತಾಣಗಳ ಪ್ರತಿಗಳನ್ನು ದೊಡ್ಡ ಕಂಪನಿಗಳು ನೈರೋಬಿಯಲ್ಲೇ ಇಡತೊಡಗಿದ್ದು ಇದಕ್ಕೆ ಮುಖ್ಯ ಕಾರಣ.

ದೇಶದ ಹೊರಗಿನಿಂದ ಬರುವ ಉಳಿದ ಪಾಲು ಎಷ್ಟು ನಾಜೂಕು ಎಂಬುದು 2024ರಲ್ಲಿ ಗೊತ್ತಾಯಿತು. ಫೆಬ್ರವರಿಯಲ್ಲಿ ಕೆಂಪು ಸಮುದ್ರದಲ್ಲಿ ಸೀಕಾಮ್ ಸೇರಿ ಮೂರು ಕೇಬಲ್, ಮಾರ್ಚ್ 14ರಂದು ಐವರಿ ಕೋಸ್ಟ್‌ನ ಅಬಿಜಾನ್ ಬಳಿ ಸ್ಯಾಟ್-3 ಸೇರಿ ನಾಲ್ಕು, ಮೇ 12ರಂದು ದಕ್ಷಿಣ ಆಫ್ರಿಕಾದ ಕರಾವಳಿಯ ಬಳಿ ಈಸ್ಸಿ ಮತ್ತು ಸೀಕಾಮ್ ಎರಡೂ ಒಟ್ಟಿಗೆ ತುಂಡಾದವು. ಪೈಪೋಟಿಯಲ್ಲಿ ಹಾಕಿದ ಆ ಎರಡು ಕೇಬಲ್‌ಗಳು ಸಮುದ್ರದ ತಳದಲ್ಲಿ ಒಂದೇ ದಾರಿ ಹಿಡಿದಿದ್ದವು. ತಾಂಜಾನಿಯಾ, ಕೆನ್ಯಾ, ಉಗಾಂಡಾಗಳಲ್ಲಿ ಇಂಟರ್ನೆಟ್ ದಿನಗಟ್ಟಲೆ ಕುಂಟಿತು. ದುರಸ್ತಿಗೆ ಆಫ್ರಿಕಾ ಖಂಡದಲ್ಲಿ ನೆಲೆ ಇರುವ ಹಡಗು ಕೇಪ್‌ಟೌನಿನ ಲಿಯೊನ್ ತೆವೆನ್ಯಾಂ, ಅದೂ ಫ್ರೆಂಚ್ ಕಂಪನಿಯದು. ಹಿಂದಿನ ತುಂಡು ಕಟ್ಟಿ ಮುಗಿಸುವಷ್ಟರಲ್ಲಿ ಮುಂದಿನದಕ್ಕೆ ಕರೆ. ಇನ್ನೊಂದು ಹಡಗು ಕೊಳ್ಳೋಣ ಎಂಬ ಮಾತು ನಡೆದಿದೆ. ಅದಕ್ಕಿಂತ ಕಡಿಮೆ ಖರ್ಚಿನ ಕೆಲಸವೂ ಒಂದಿದೆ. ಕೇಬಲ್ ತುಂಡಾದ ದಿನ ನೆರೆದೇಶದ ನೆಲದ ಫೈಬರಿನಿಂದ ಎಷ್ಟು ಸಾಮರ್ಥ್ಯವನ್ನು, ಯಾವ ದರಕ್ಕೆ, ಎಷ್ಟು ಗಂಟೆಯೊಳಗೆ ಕೊಡಬೇಕು ಎಂದು ಎರಡು ದೇಶಗಳ ನಿಯಂತ್ರಣ ಆಯೋಗಗಳು ಮೊದಲೇ ಬರೆದಿಟ್ಟುಕೊಳ್ಳುವುದು. ಆ ಕಾಗದಕ್ಕೆ ಸಹಿ ಹಾಕಬೇಕಾದವರಲ್ಲಿ ಕೆಲವರು, ತುಂಡಾದ ದಿನ ದುಪ್ಪಟ್ಟು ದರಕ್ಕೆ ಮಾರುವವರೂ ಹೌದು.